ಮಧ್ಯಾಹ್ನದ ಕಾರ್ಯಾಗಾರ: ಪರ್ಯಾಯ ಪ್ರೌಢಶಾಲೆಯೊಂದರಲ್ಲಿ ನನ್ನ ಅನುಭವ

ಕೋಲಾರ ಜಿಲ್ಲೆಯ ಒಂದು ಸಣ್ಣ ಪರ್ಯಾಯ ಪ್ರೌಢಶಾಲೆಯಲ್ಲಿ ನಾನು ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಬೆಳಗಿನ ಹೊತ್ತು ಪಾಠಗಳಿಗೆ, ಮಧ್ಯಾಹ್ನದ ಹೊತ್ತು ಕೈಕೆಲಸಕ್ಕೆ ಮೀಸಲು. ಮಧ್ಯಾಹ್ನ ಯಾವ ಕೆಲಸ ಹಿಡಿಯಬೇಕೆಂಬುದನ್ನು ಮಕ್ಕಳೇ ನಿರ್ಧರಿಸುತ್ತಾರೆ. ಇದು ನಾವು ಕಂಡುಹಿಡಿದ ಪದ್ಧತಿಯೇನಲ್ಲ. ಇದೇ ಜಿಲ್ಲೆಯಲ್ಲಿ 1972ರಲ್ಲಿ ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೊ ಆರಂಭಿಸಿದ ನೀಲ್‌ಬಾಗ್ ಶಾಲೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು, ಮರಗೆಲಸವೂ ಅಲ್ಲಿ ಕಲಿಕೆಯ ಭಾಗವಾಗಿತ್ತು. ಆದರೆ ನನಗೆ ಹೆಚ್ಚು ನೆರವಾದದ್ದು ಪುಣೆ ಜಿಲ್ಲೆಯ ಪಾಬಳದಲ್ಲಿ ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮದ ಕ್ರಮ. ಅಲ್ಲಿ ರೂಪುಗೊಂಡ ಪಠ್ಯಕ್ರಮದಂತೆ 8ರಿಂದ 10ನೇ ತರಗತಿಯ ಮಕ್ಕಳು ವಾರದಲ್ಲಿ ಒಂದು ದಿನ ಕಟ್ಟಡ ಮತ್ತು ಲೋಹದ ಕೆಲಸ, ಶಕ್ತಿ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಗೃಹ ಮತ್ತು ಆರೋಗ್ಯ ಎಂಬ ನಾಲ್ಕು ವಿಭಾಗಗಳಲ್ಲಿ ದುಡಿದು ಕಲಿಯುತ್ತಾರೆ; ಕಲಿತದ್ದನ್ನು ಊರಿನವರಿಗೆ ಸೇವೆಯಾಗಿ ಒದಗಿಸುತ್ತಾರೆ. ಈ ಕೊನೆಯ ಅಂಶವನ್ನೇ ನಾನು ಎತ್ತಿಕೊಂಡೆ. ಮಕ್ಕಳು ಮಾಡುವ ಪ್ರತಿಯೊಂದು ವಸ್ತುವಿಗೂ ಅದನ್ನು ಬಳಸುವವರೊಬ್ಬರು ಇರಲೇಬೇಕು. ಪ್ರದರ್ಶನದ ಮೇಜಿಗಾಗಿ ಮಾಡುವ ಮಾದರಿಗಳಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ.

ಶಾಲೆಯ ತೋಟದ ಸಲಕರಣೆಗಳನ್ನಿಡಲು ಒಂದು ಕೋಣೆ ಬೇಕಾಗಿತ್ತು. ಒಂಬತ್ತನೆಯ ತರಗತಿಯ ಕೆಲವರು ಅದನ್ನು ತಾವೇ ಕಟ್ಟುತ್ತೇವೆಂದು ಮುಂದೆ ಬಂದರು. ಊರಿನ ಗಾರೆ ಮೇಸ್ತ್ರಿಯೊಬ್ಬರು ಗುರುವಾದರು. 12 ಅಡಿ ಅಗಲ, 16 ಅಡಿ ಉದ್ದಕ್ಕೆ ಪಾಯ ಗುರುತಿಸುವಾಗ, ಮೂಲೆ ಲಂಬಕೋನವಾಗಿ ಬರಲೆಂದು ಅವರು ಅಲ್ಲಿಂದ ನೂಲು ಎಳೆದು, ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವವರೆಗೆ ನೂಲನ್ನು ಸರಿಸಿದರು. ಪೈಥಾಗೊರಸ್ ಪ್ರಮೇಯದ ಹೆಸರನ್ನು ಅವರು ಎತ್ತಲಿಲ್ಲ, ನಾನೂ ಸುಮ್ಮನಿದ್ದೆ. ಮರುದಿನ ಬೆಳಗಿನ ಪಾಠದಲ್ಲಿ, ಆ ಕೋಣೆಯ ಕರ್ಣದ ಉದ್ದ ಎಷ್ಟಿರಬೇಕೆಂದು ಕೇಳಿದೆ. 3, 4, 5 ಅನ್ನು ನಾಲ್ಕರಿಂದ ಗುಣಿಸಿದರೆ ಸಾಕೆಂದು ಒಬ್ಬಳು ಹೇಳಿದ ಮೇಲೆ ಎಲ್ಲರೂ ಟೇಪು ಹಿಡಿದು ಹೊರಗೆ ಹೋದರು. ಒಂದು ಕರ್ಣ 20 ಅಡಿಗಿಂತ ಎರಡು ಅಂಗುಲ ಹೆಚ್ಚಿತ್ತು, ಇನ್ನೊಂದು ಸುಮಾರು ಅಷ್ಟೇ ಕಡಿಮೆಯಿತ್ತು. ಮೂಲೆ ಓರೆಯಾಗಿದೆಯೆಂದು ನಾನು ಹೇಳಬೇಕಾಗಲಿಲ್ಲ.

ಕೋಣೆಗೆ ತಗಡಿನ ಮಾಡು ಹೊದಿಸಿದ ಮೇಲೆ ಮಳೆನೀರಿನ ಲೆಕ್ಕ ಬಂತು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು ಎಂಬುದು ಅವರಿಗೆ ತಿಳಿದಿತ್ತು. ಆದರೆ ಅಳೆಯಬೇಕಾದದ್ದು ಇಳಿಜಾರಾದ ತಗಡಿನ ವಿಸ್ತೀರ್ಣವನ್ನೋ, ಅದರ ಕೆಳಗಿನ ನೆಲದ ವಿಸ್ತೀರ್ಣವನ್ನೋ? ಈ ಪ್ರಶ್ನೆಯ ಮೇಲೆ ಒಂದು ಇಡೀ ಮಧ್ಯಾಹ್ನ ವಾದ ನಡೆಯಿತು. ನೇರವಾಗಿ ಬೀಳುವ ಮಳೆಗೆ ನೆಲದ ಮೇಲಿನ ಅಳತೆಯೇ ಸರಿಯೆಂದು ಅವರು ಚಿತ್ರ ಬರೆದು ತಾವೇ ಒಪ್ಪಿಕೊಂಡರು. ಅಂಚು ಸೇರಿ 20 ಚದರ ಮೀಟರ್ ಎಂದು ಹಿಡಿದರೆ 15 ಮಿಲಿಮೀಟರ್ ಮಳೆಗೆ 300 ಲೀಟರ್ ಸಿಗಬೇಕಿತ್ತು. ತೊಟ್ಟಿಯಲ್ಲಿ ಅಷ್ಟು ತುಂಬಲಿಲ್ಲ. ನೀರು ಎಲ್ಲಿ ಹೋಯಿತೆಂದು ಹುಡುಕುತ್ತಾ ಅವರು ಸೋರುವ ಜೋಡಣೆಗಳನ್ನೂ, ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಯನ್ನು ದಾಟಿ ಚಿಮ್ಮುವ ನೀರನ್ನೂ ಪತ್ತೆ ಹಚ್ಚಿದರು.

ಇನ್ನು ಸ್ವಾತಂತ್ರ್ಯದ ಮಾತು. ಎಂಟು ವರ್ಷ ಇನ್ನೊಬ್ಬರು ಹೇಳಿದ್ದನ್ನೇ ಮಾಡಿ ಬಂದ ಮಗುವಿಗೆ "ನಿನಗಿಷ್ಟವಾದದ್ದನ್ನು ಮಾಡು" ಎಂದರೆ ಅದು ಕಕ್ಕಾಬಿಕ್ಕಿಯಾಗುತ್ತದೆ. ಹೊಸಬರಿಗೆ ನಾನು ಮೂರು ಕೆಲಸಗಳನ್ನು ಮುಂದಿಡುತ್ತೇನೆ, ಬೇಡವೆನ್ನುವ ಹಕ್ಕನ್ನೂ ಕೊಡುತ್ತೇನೆ. ಆರಿಸಿಕೊಂಡವರು ಏನು ಮಾಡುತ್ತೇವೆ, ಯಾರಿಗಾಗಿ, ಯಾವ ಸಾಮಗ್ರಿ ಬೇಕು, ಯಾರಿಂದ ಕಲಿಯುತ್ತೇವೆ ಎಂಬುದನ್ನು ಪುಸ್ತಕದಲ್ಲಿ ಬರೆದು ಸೋಮವಾರದ ಸಭೆಯಲ್ಲಿ ಓದಬೇಕು. ಕೆಲಸವನ್ನು ನಡುವೆ ಬಿಡಬಹುದು, ಆದರೆ ಇನ್ನೊಬ್ಬರು ಮುಂದುವರಿಸಲು ಬರುವ ಸ್ಥಿತಿಗೆ ತಂದು ಒಪ್ಪಿಸಿ ಬಿಡಬೇಕು. ಏನನ್ನೂ ಆರಿಸದವರು ಕಾರ್ಯಾಗಾರದಲ್ಲೇ ಉಳಿದು ಉಳಿ ಮಸೆಯುವುದು, ಮೊಳೆ ವಿಂಗಡಿಸುವುದು ಇತ್ಯಾದಿ ಮಾಡುತ್ತಾರೆ. ಹೆಚ್ಚಿನವರು ಅಲ್ಲಿಂದಲೇ ಯಾವುದಾದರೊಂದು ಗುಂಪಿಗೆ ಸೇರುತ್ತಾರೆ, ಕೆಲವರು ಸೇರುವುದಿಲ್ಲ. ತಿಂಗಳ ಖರ್ಚಿನ ಹಣವನ್ನು ಹೇಗೆ ಬಳಸಬೇಕೆಂಬುದನ್ನು ಸಭೆಯೇ ತೀರ್ಮಾನಿಸುತ್ತದೆ, ಅಲ್ಲಿ ನನ್ನದೂ ಒಂದೇ ಮತ. ಆದರೆ ಗ್ರೈಂಡರ್ ಹಿಡಿಯುವಾಗ ಕನ್ನಡಕ ಹಾಕಬೇಕೇ, ಜಡೆ ಕಟ್ಟಬೇಕೇ ಎಂಬುದು ಮತಕ್ಕೆ ಹಾಕುವ ವಿಷಯವಲ್ಲ.

ಹತ್ತನೆಯ ತರಗತಿಯ ಪರೀಕ್ಷೆಗೆ ನಾವು ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿಯಾದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯನ್ನು (ಎನ್‌ಐಒಎಸ್) ನೆಚ್ಚಿಕೊಂಡಿದ್ದೇವೆ. 14 ವರ್ಷ ತುಂಬಿದವರು ಐದು ವಿಷಯಗಳನ್ನು ಆರಿಸಿಕೊಂಡು ನೋಂದಾಯಿಸಬಹುದು. ಎಲ್ಲವನ್ನೂ ಒಮ್ಮೆಗೇ ಬರೆಯಬೇಕಾಗಿಲ್ಲ, ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ. ಕಟ್ಟಡ ಕೆಲಸದಲ್ಲಿ ಮುಳುಗಿದ ಹುಡುಗನಿಗೆ ಗಣಿತವನ್ನು ಮೊದಲು ಬರೆಯಲು, ಸಮಾಜ ವಿಜ್ಞಾನವನ್ನು ಮುಂದಿನ ಸರದಿಗೆ ಇಟ್ಟುಕೊಳ್ಳಲು ಇದರಿಂದ ಅನುಕೂಲವಾಗುತ್ತದೆ.

ಪೋಷಕರಿಗೆ ಪಿಯುಸಿ ಪ್ರವೇಶದ ಚಿಂತೆ ಬೇಗ ಕಳೆಯುತ್ತದೆ, ಆದರೆ ಕೈಕೆಲಸಕ್ಕೆ ಅಂಕವೇಕಿಲ್ಲ ಎಂದು ಅವರು ಪ್ರತಿ ವರ್ಷವೂ ಕೇಳುತ್ತಾರೆ. ನಾವು ಅಂಕ ಕೊಡುವುದಿಲ್ಲ. ಮಗು ಏನು ಮಾಡಿತು, ಎಲ್ಲಿ ತಡವರಿಸಿತು, ಹೇಗೆ ತಿದ್ದಿತು ಎಂಬುದನ್ನು ಒಂದು ಪುಟದಲ್ಲಿ ಬರೆದು, ವಸ್ತುವನ್ನು ಬಳಸುತ್ತಿರುವವರ ಅಭಿಪ್ರಾಯವನ್ನೂ ಅದರ ಕೆಳಗೆ ಸೇರಿಸುತ್ತೇವೆ. ಸಲಕರಣೆ ಕೋಣೆಯ ಪುಟದಲ್ಲಿ ತೋಟ ನೋಡಿಕೊಳ್ಳುವವರು ಬರೆಸಿದ್ದು ಇಷ್ಟು: ಕೋಣೆ ಗಟ್ಟಿಯಾಗಿದೆ, ಆದರೆ ಬಾಗಿಲು ಒಳಕ್ಕೆ ತೆರೆಯುವುದರಿಂದ ಕೈಗಾಡಿ ನಿಲ್ಲಿಸಲು ಜಾಗ ಸಾಲದು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸುವ ಕೆಲಸವನ್ನು ಈ ಸಲದ ಎಂಟನೆಯ ತರಗತಿಯವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.