ಶಾಲೆಯ ಎರೆಹುಳು ತೊಟ್ಟಿಯಿಂದ ಸುಲಭವಾಗಿ ಗೊಬ್ಬರ ತೆಗೆಯಲು

ತರಗತಿಯ ತೊಟ್ಟಿಯಿಂದ ಗೊಬ್ಬರ ತೆಗೆಯುವಾಗ ಹುಳುಗಳನ್ನು ಒಂದೊಂದಾಗಿ ಆರಿಸುವ ಕೆಲಸವೇ ಬೇಡ. ಎರಡು ಮೂರು ವಾರ ಮೊದಲೇ ತೊಟ್ಟಿಯ ಒಂದೇ ಬದಿಗೆ ಸಿಪ್ಪೆ ಹಾಕಲು ಶುರು ಮಾಡಿ, ನೀರನ್ನೂ ಅಲ್ಲೇ ಚಿಮುಕಿಸಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ಇನ್ನೊಂದು ಬದಿಯನ್ನು ಸುಮ್ನೆ ಬಿಟ್ಟುಬಿಡಿ. ಎರೆಹುಳು ಚರ್ಮದಿಂದಲೇ ಉಸಿರಾಡುತ್ತದೆ, ಅದಕ್ಕೆ ಸದಾ ತೇವ ಬೇಕು. ಹಾಗಾಗಿ ತೇವ ಮತ್ತು ಊಟ ಇರುವ ಕಡೆಗೆ ತಾನಾಗಿ ಸರಿಯುತ್ತದೆ. ಖಾಲಿ ಬದಿಯ ಗೊಬ್ಬರವನ್ನು ಮಕ್ಕಳೇ ಬೊಗಸೆಯಲ್ಲಿ ತೆಗೆಯಬಹುದು, ಹುಳುಗಳಿಗೂ ಪೆಟ್ಟಾಗುವುದಿಲ್ಲ. ಬಿಸಿಯೂಟದ ಅಡುಗೆಮನೆಯ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಉಳಿದ ಸಾಂಬಾರು ಮಾತ್ರ ಬೇಡ, ಉಪ್ಪು ಖಾರ ಹುಳುಗಳಿಗೆ ಆಗದು. ಒಂದೇ ಸಲ ಜಾಸ್ತಿ ಸಿಪ್ಪೆ ಸುರಿದರೆ ಈ ಉಪಾಯ ಕೆಲಸ ಮಾಡುವುದಿಲ್ಲ: ರಾಶಿ ಕೊಳೆತು ಬಿಸಿಯಾಗಿ ಹುಳುಗಳು ಹಳೇ ಬದಿಗೇ ಓಡುತ್ತವೆ. ಹೊಲದಿಂದ ಅಗೆದು ತಂದ ಹುಳುಗಳಿಗೂ ಇದು ಸರಿಹೋಗದು. ಅವು ಮಣ್ಣಿನ ಆಳದಲ್ಲಿ ಬದುಕುವಂಥವು. ಗೊಬ್ಬರಕ್ಕೆಂದೇ ಸಾಕುವ ಐಸೀನಿಯಾ ಅಥವಾ ಯೂಡ್ರಿಲಸ್ ಹುಳುಗಳೇ ಬೇಕು. ಇನ್ನೊಂದು ಮಾತು, ಹುಳು ಸರಿದರೂ ಮೊಟ್ಟೆ ಸರಿಯುವುದಿಲ್ಲ ಅಲ್ವಾ? ತೆಗೆದ ಗೊಬ್ಬರದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ, ಹಳದಿ ಕಂದು ಬಣ್ಣದ ಮೊಟ್ಟೆಗೂಡುಗಳು ಕಂಡರೆ ಮಕ್ಕಳಿಗೆ ತೋರಿಸಿ. ಆಮೇಲೆ ಅವನ್ನು ಮರಳಿ ತೊಟ್ಟಿಗೇ ಹಾಕಿಸಿ.