ಸೂಜಿ ಚುಚ್ಚುವ ಮೊದಲು ಕೇಳಬೇಕಾದ್ದು

ರಕ್ತದಾನ ಶಿಬಿರ ಏರ್ಪಡಿಸುವವರು ಬಿಸ್ಕತ್ತು, ಹಣ್ಣಿನ ರಸ, ಪ್ರಮಾಣಪತ್ರಗಳ ಚಿಂತೆಯಲ್ಲೇ ಮುಳುಗಿರುತ್ತಾರೆ. ದಾನಿಯನ್ನು ಎಲ್ಲಿ ಕೂರಿಸಿ ಪ್ರಶ್ನೆ ಕೇಳುವುದು ಎಂಬುದು ಯಾರಿಗೂ ನೆನಪಿರುವುದಿಲ್ಲ. ಎಚ್‌ಐವಿ ತಡೆಯುವ ಕೆಲಸ ಶುರುವಾಗುವುದೇ ಅಲ್ಲಿಂದ.

‘ಹೇಗೂ ಪರೀಕ್ಷೆ ಮಾಡುತ್ತಾರಲ್ಲ’ ಎನ್ನುವವರಿದ್ದಾರೆ. ನಿಜ, ದಾನದ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ತಗುಲಿದ ಹೊಸದರಲ್ಲಿ ವೈರಾಣು ರಕ್ತದಲ್ಲಿದ್ದರೂ ಪರೀಕ್ಷೆಗೆ ಸಿಗದ ದಿನಗಳಿವೆ. ಇದೇ ಗವಾಕ್ಷಿ ಅವಧಿ. ಸಾಮಾನ್ಯವಾಗಿ ಮಾಡುವ ಎಲಿಸಾ ಎಂಬ ರಕ್ತಪರೀಕ್ಷೆಯಲ್ಲಿ ಇದು ಕೆಲವು ವಾರ. ವೈರಾಣುವಿನ ಆರ್‌ಎನ್‌ಎಯನ್ನೇ (ಅದರ ಆನುವಂಶಿಕ ವಸ್ತುವನ್ನೇ) ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ ಸುಮಾರು 10 ದಿನ. ಆ ಸೌಲಭ್ಯ ಎಲ್ಲ ರಕ್ತನಿಧಿಗಳಲ್ಲೂ ಇಲ್ಲ. ಆ ದಿನಗಳ ಸುಳಿವು ಕೊಡಬಲ್ಲವರು ದಾನಿಯೊಬ್ಬರೇ.

ಮೊದಲು, ಯಾರು ರಕ್ತ ಕೊಡಬಾರದು ಎಂದು ತಿಳಿಸುವ ಮಾಹಿತಿ ಪತ್ರ ಓದಲು ಕೊಡಿ. ಅದನ್ನು ಓದಿ ಸುಮ್ಮನೆ ಎದ್ದು ಹೋಗುವವರನ್ನು ತಡೆಯಬೇಡಿ.

ನಂತರ ಪ್ರಶ್ನಾವಳಿ. ಕಾಲೇಜು ಶಿಬಿರಗಳಲ್ಲಿ ಗೆಳೆಯನ ಬೆನ್ನನ್ನೇ ಮೇಜು ಮಾಡಿಕೊಂಡು, ಪಕ್ಕದವನ ಹಾಳೆ ನೋಡುತ್ತ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ. ಅಂಥ ಹಾಳೆ ಇದ್ದೂ ಇಲ್ಲದಂತೆ. ಪರದೆ ಕಟ್ಟಿದ ಮೂಲೆಯಲ್ಲಿ ವೈದ್ಯರೋ ಆಪ್ತ ಸಮಾಲೋಚಕರೋ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಲ್ಲಿ ಕೇಳಬೇಕು: ಹೊಸ ಅಥವಾ ಒಂದಕ್ಕಿಂತ ಹೆಚ್ಚು ಲೈಂಗಿಕ ಸಂಗಾತಿಗಳು ಇದ್ದಾರೆಯೇ? ಸಂಗಾತಿಗೆ ಎಚ್‌ಐವಿ ಇದೆಯೇ? ಮಾದಕ ವಸ್ತುವನ್ನು ಚುಚ್ಚಿಕೊಂಡದ್ದುಂಟೇ? ಕಳೆದ 12 ತಿಂಗಳಲ್ಲಿ ಹಚ್ಚೆ ಹಾಕಿಸಿಕೊಂಡಿರಾ, ರಕ್ತ ಪಡೆದಿರಾ? ದನಿಯಲ್ಲಿ ತನಿಖೆಯ ಗತ್ತು ಬೇಡ. ರೋಗಿಗಾಗಿ ಬದಲಿ ರಕ್ತ ಕೊಡಲು ಬಂದ ಭಾಮೈದನನ್ನಂತೂ ಮನೆಯವರ ಎದುರು ಕೇಳಲೇಬೇಡಿ. ಅವನು ನಿಜ ಹೇಳುವುದಿಲ್ಲ.

ನಮ್ಮಲ್ಲಿ ರಕ್ತದಾನಿಗಳ ಆಯ್ಕೆಯ 2017ರ ಮಾರ್ಗಸೂಚಿ ತೃತೀಯಲಿಂಗಿಗಳನ್ನೂ ಸಲಿಂಗಿ ಪುರುಷರನ್ನೂ ಸಾರಾಸಗಟಾಗಿ ಹೊರಗಿಟ್ಟಿತು. ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಬ್ರಿಟನ್ 2021ರಲ್ಲಿ, ಅಮೆರಿಕ 2023ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳುವ ಕ್ರಮಕ್ಕೆ ಬಂದವು. ಅದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಮದುವೆಯಾದವರು ಎಂಬ ಒಂದೇ ಕಾರಣಕ್ಕೆ ಯಾರ ರಕ್ತವೂ ಸುರಕ್ಷಿತವಾಗುವುದಿಲ್ಲ.

ಉತ್ತರದಲ್ಲಿ ಅಪಾಯ ಕಂಡರೆ ‘ಇಂದು ಬೇಡ’ ಎಂದಷ್ಟೇ ಹೇಳಿ ಕಳಿಸಿ. ಕಾರಣ ಹೊರಗೆ ಹೋಗಕೂಡದು. ತಮಗೆ ಸೋಂಕಿದೆಯೇ ಎಂದು ತಿಳಿಯಲೆಂದೇ ರಕ್ತ ಕೊಡಲು ಬರುವವರೂ ಇರುತ್ತಾರೆ. ಅವರಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದ ದಾರಿ ತೋರಿಸಿ. ಅಲ್ಲಿ ಪರೀಕ್ಷೆ ಉಚಿತ, ಗುಟ್ಟೂ ಉಳಿಯುತ್ತದೆ. ಎಚ್‌ಐವಿ ಸಹಾಯವಾಣಿ 1097.

ದಾನಿಗೆ ಕೊಡುವ ಚೀಟಿಯಲ್ಲಿ ರಕ್ತನಿಧಿಯ ದೂರವಾಣಿ ಸಂಖ್ಯೆಯೂ ಚೀಲದ ಸಂಖ್ಯೆಯೂ ಇರಲಿ. ಮನೆಗೆ ಹೋದ ಮೇಲೆ ಮನಸ್ಸು ಕೊರೆದು ‘ನನ್ನ ರಕ್ತ ಬಳಸಬೇಡಿ’ ಎಂದು ಫೋನ್ ಮಾಡಿದರೆ, ಕಾರಣ ಕೆದಕದೆ ಆ ಚೀಲವನ್ನು ತೆಗೆದಿಡಬೇಕು.