ಎಲ್ಲೂ ಮಾರಾಟಕ್ಕಿಲ್ಲದ ಸಿನಿಮಾಗಳು ನಮ್ಮ ಲೈಬ್ರರಿಗೆ ಬಂದ ಬಗೆ

ಅಂಗಡಿಯಲ್ಲಾಗಲಿ ಓಟಿಟಿಯಲ್ಲಾಗಲಿ ಸಿಗದ ವಿದೇಶಿ ಸಿನಿಮಾಗಳು ಈಗ ನಮ್ಮ ಕಾಲೇಜು ಲೈಬ್ರರಿಯಲ್ಲಿ ಮೂವತ್ತೊಂದೋ ಮೂವತ್ತೆರಡೋ ಇವೆ. ಒಂದೊಂದಕ್ಕೂ ಹಕ್ಕುದಾರರ ಸಹಿ ಇರುವ ಪತ್ರ ಫೈಲಿನಲ್ಲಿದೆ. "ಇದೆಲ್ಲ ಆಗೋ ಮಾತಲ್ಲ ಸರ್, ಪೆನ್‌ಡ್ರೈವಲ್ಲಿ ತಂದ್ಕೊಡ್ತೀನಿ ಬಿಡಿ" ಎಂದಿದ್ದ ಸಹೋದ್ಯೋಗಿಯೇ ಮೊನ್ನೆ ಆ ಫೈಲು ಕೇಳಿಕೊಂಡು ಬಂದರು. ಅದಕ್ಕೇ ಬರೆಯಲು ಕೂತೆ.

ಮೊದಲ ಎರಡು ವರ್ಷ ಡಿಸ್ಕ್ ಹುಡುಕುವುದರಲ್ಲೇ ಹೋಯಿತು. ಹಳೆಯ ಡಿವಿಡಿ ಮಾರುವವರಿಂದ ಹನ್ನೊಂದು ತರಿಸಿದೆ. ಅಂಚೆ, ಸುಂಕ ಸೇರಿ ಹೆಚ್ಚುಕಡಿಮೆ 22,000 ರೂಪಾಯಿ. ಎರಡು ಓಡಲೇ ಇಲ್ಲ, ನಾಲ್ಕರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇಲ್ಲ. ಡಿವಿಡಿ ಯಾವ ಪ್ರದೇಶದಲ್ಲಿ ಓಡಬೇಕೆಂದು ಅದಕ್ಕೊಂದು ರೀಜನ್ ಸಂಖ್ಯೆ ಇರುತ್ತದೆ; ಯುರೋಪಿನವು ರೀಜನ್ 2, ನಮ್ಮದು 5. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಸಿಗುವುದು ಐದೇ ಸಲ. ಪರೀಕ್ಷೆ ಮಾಡುತ್ತ ಮಾಡುತ್ತ ಐದೂ ಮುಗಿದವು. ಆಮೇಲೆ 1,800 ರೂಪಾಯಿಗೆ ಇನ್ನೊಂದು ಡ್ರೈವ್ ತಂದು ರೀಜನ್ 2ಕ್ಕೇ ಮೀಸಲಿಟ್ಟೆ.

ಅಷ್ಟರಲ್ಲಿ ಲೈಬ್ರರಿ ಸಮಿತಿಯಲ್ಲಿ ಕಾನೂನಿನ ಮಾತು ಎದ್ದಿತು. ಅಮೆರಿಕದಲ್ಲಿ ಕೊಂಡ ಅಸಲಿ ಡಿವಿಡಿಯನ್ನೂ ಹಕ್ಕುದಾರರ ಅನುಮತಿಯಿಲ್ಲದೆ ಇಲ್ಲಿ ಬಾಡಿಗೆಗೆ ಕೊಡುವಂತಿಲ್ಲ ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತಲ್ಲ, ಅದನ್ನೇ ಹಿಡಿದು ಕೂತರು. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 2(ಎಫ್‌ಎ) ಕಲಮು ತೋರಿಸಿದೆ: ಲಾಭದ ಉದ್ದೇಶವಿಲ್ಲದ ಲೈಬ್ರರಿ ನ್ಯಾಯವಾಗಿ ಪಡೆದ ಪ್ರತಿಯನ್ನು ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಆಗುವುದಿಲ್ಲ. ತರಗತಿಯಲ್ಲಿ ತೋರಿಸಲು 52(1)(ಜೆ) ಇದೆ ಎಂದೂ ಹೇಳಿದೆ. "ನ್ಯಾಯವಾಗಿ ಪಡೆದದ್ದು ಅನ್ನೋದಕ್ಕೆ ಕಾಗದ ಎಲ್ಲಿ?" ಎಂದು ಪ್ರಿನ್ಸಿಪಾಲರು ಕೇಳಿದರು. ಆ ದಿನ ಸಿಟ್ಟು ಬಂದಿತ್ತು. ಆದರೆ ದಾರಿ ಕಂಡದ್ದು ಆ ಪ್ರಶ್ನೆಯಿಂದಲೇ. ಡಿಸ್ಕ್ ಆಮೇಲೆ, ಮೊದಲು ಕಾಗದ ಎಂದುಕೊಂಡೆ.

ಯಾರಿಗೆ ಬರೆಯುವುದು? ಪೂರ್ವ ಯುರೋಪಿನಿಂದ ಶುರುಮಾಡಿ ಎನ್ನುತ್ತೇನೆ. ಅಲ್ಲಿ ಸರ್ಕಾರವೇ ನಿರ್ಮಾಪಕ ಆಗಿದ್ದರಿಂದ ಹಕ್ಕು ಹತ್ತು ಕಡೆ ಹಂಚಿಹೋಗಿಲ್ಲ. ಪೂರ್ವ ಜರ್ಮನಿಯ ಡೆಫಾ ಸ್ಟುಡಿಯೋ 1946ರಿಂದ 1992ರವರೆಗೆ ಸುಮಾರು 700 ಕಥಾಚಿತ್ರ ತೆಗೆಯಿತು. ಆ ಹಕ್ಕುಗಳೆಲ್ಲ ಈಗ 1998ರಲ್ಲಿ ಹುಟ್ಟಿದ ಡೆಫಾ ಪ್ರತಿಷ್ಠಾನದ ಕೈಯಲ್ಲಿವೆ. ಹಂಗೆರಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಸ್ಥೆ, ಪ್ರಾಗ್‌ನಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ. ತದ್ವಿರುದ್ಧ ಫ್ರಾನ್ಸ್-ಇಟಲಿ ಜಂಟಿ ನಿರ್ಮಾಣದವು. ಒಂದೇ ಒಂದು ಸಿನಿಮಾಕ್ಕೆ ಹದಿನಾಲ್ಕು ಪತ್ರ ಬರೆದೆ. ಒಂದು ಕಂಪನಿ ಇನ್ನೊಂದಕ್ಕೆ ಮಾರಿತ್ತು, ಅದು ಮುಳುಗಿತ್ತು. ಕೈಬಿಟ್ಟೆ.

ನನ್ನ ಮೊದಲ ಪತ್ರಗಳೂ ಕೆಟ್ಟಿದ್ದವು. "ಪ್ರದರ್ಶನದ ಹಕ್ಕು ಬೇಕು" ಎಂದು ಬರೆದೆ. ಚಿತ್ರೋತ್ಸವಕ್ಕೆ ಹೇಳುವ ದರ ಬಂತು, ಒಂದು ಪ್ರದರ್ಶನಕ್ಕೆ 250-300 ಯೂರೋ. ಮತ್ತೆ ಬರೆದೆ: ಒಂದೇ ಕ್ಯಾಂಪಸ್, ಟಿಕೆಟ್ ಇಲ್ಲ, ಸದಸ್ಯರಿಗೆ ಎರವಲು, ಲೈಬ್ರರಿಯ ಕಂಪ್ಯೂಟರಿನಲ್ಲಿ ವೀಕ್ಷಣೆ, ಡಿಸ್ಕ್ ಕೆಟ್ಟರೆ ಇರಲೆಂದು ಒಂದು ಪ್ರತಿ, ಅವಧಿಗೆ ಮಿತಿ ಬೇಡ. ದರ 40-60 ಯೂರೋಗೆ ಇಳಿಯಿತು. ಮೂವರು ಪುಕ್ಕಟೆಯಾಗಿಯೇ ಕೊಟ್ಟರು. ಪತ್ರದ ಮೊದಲ ಪ್ಯಾರಾದಲ್ಲಿ ನಾನು ಏನು ಬರೆಯುತ್ತೇನೆ, ತೀರಿಕೊಂಡ ನಿರ್ದೇಶಕರ ಮಕ್ಕಳ ವಿಳಾಸ ಹೇಗೆ ಹಿಡಿಯುತ್ತೇನೆ ಎಂಬೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದುಡ್ಡು ಕಳಿಸುವುದೇ ದೊಡ್ಡ ಗೋಳು. ಅಕೌಂಟ್ಸ್‌ನವರು ಮೂರು ಕೊಟೇಶನ್ ಕೇಳಿದರು. ಜಗತ್ತಿನಲ್ಲಿ ಒಬ್ಬರೇ ಕೊಡಬಲ್ಲ ವಸ್ತುವಿಗೆ ಮೂರು ಕೊಟೇಶನ್ ಎಲ್ಲಿಂದ ತರುವುದು? "ಹಕ್ಕು ನಮ್ಮೊಬ್ಬರದೇ" ಎಂದು ಹಕ್ಕುದಾರರಿಂದಲೇ ಒಂದು ಸಾಲು ಬರೆಸಿಕೊಂಡೆ, ಆಡಿಟ್‌ನವರು ಒಪ್ಪಿದರು. ಬ್ಯಾಂಕಿನಲ್ಲಿ ಎ2 ಫಾರಂ ತುಂಬಿ ಮೊದಲ ಸಲ 45 ಯೂರೋ ಕಳಿಸಿದಾಗ ಎರಡೂ ಕಡೆಯ ಬ್ಯಾಂಕ್ ಶುಲ್ಕವೇ 2,500 ರೂಪಾಯಿ ದಾಟಿತು. ಈಗ ಐದಾರು ಸಿನಿಮಾ ಸೇರಿಸಿ ಒಂದೇ ಇನ್‌ವಾಯ್ಸ್ ತರಿಸುತ್ತೇನೆ. ಎಲ್ಲ ಸೇರಿ ಸಿನಿಮಾಕ್ಕೆ ಸರಾಸರಿ 4,000 ಬಿದ್ದಿರಬಹುದು. ಒಂದು ಪಠ್ಯಪುಸ್ತಕದ ಐದಾರು ಪ್ರತಿಯ ಬೆಲೆ.

ನಡುವೆ ಇನ್ನೊಂದು ದಾರಿಯನ್ನೂ ನೋಡಿದೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕಿನ ಅವಧಿ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ; 1962ರದ್ದು 2022ರ ಕೊನೆಗೆ ಮುಗಿಯಿತು. ಖುಷಿಪಟ್ಟು ಎಂಟು ಸಿನಿಮಾದ ಪಟ್ಟಿ ಮಾಡಿದೆ. ಆದರೆ ಚಿತ್ರಕಥೆ, ಸಂಗೀತದ ಹಕ್ಕು ಬೇರೆ. ಇತ್ತೀಚೆಗೆ ಯಾರೋ ಮಾಡಿದ ಇಂಗ್ಲಿಷ್ ಸಬ್‌ಟೈಟಲ್‌ದೂ ಬೇರೆ. ಅವಕ್ಕೂ ಪತ್ರ ಬರೆಯುವುದೇ ಕ್ಷೇಮ ಎನಿಸಿತು. ಲೈಬ್ರರಿಯಲ್ಲಿದ್ದ ವಿಎಚ್‌ಎಸ್ ಟೇಪುಗಳನ್ನು 52(1)(ಎನ್) ಅಡಿ ಡಿಜಿಟಲ್ ಮಾಡುವ ಆಸೆಯೂ ಇತ್ತು. ಕಲಮು ಹೇಳುವುದು ಸಾರ್ವಜನಿಕ ಲೈಬ್ರರಿ ಎಂದು. ಕಾಲೇಜಿನದು ಅದರಲ್ಲಿ ಬರುತ್ತದೋ ಇಲ್ಲವೋ ಎಂಬ ತಕರಾರು ಬೇಡವೆಂದು ಅವಕ್ಕೂ ಅನುಮತಿಯನ್ನೇ ಕೇಳಿದೆ.

ಸಬ್‌ಟೈಟಲ್ ಇಲ್ಲದ ಸಿನಿಮಾಗಳಿಗೆ ಈಗ ಸಂಭಾಷಣೆಯ ಪಟ್ಟಿ ಕಳಿಸಿ, ಕನ್ನಡಕ್ಕೆ ಮಾಡಲು ಒಪ್ಪಿಗೆ ಕೊಡಿ ಎಂದು ಅದೇ ಪತ್ರದಲ್ಲಿ ಸೇರಿಸುತ್ತೇನೆ. ನಮ್ಮ ಎಂ.ಎ. ವಿದ್ಯಾರ್ಥಿನಿಯರು ಮೂವರು ಒಂದು ಹಂಗೆರಿಯನ್ ಸಿನಿಮಾಕ್ಕೆ ಏಳು ವಾರ ಕೂತು ಕನ್ನಡ ಸಾಲುಗಳನ್ನು ಕೂರಿಸಿದರು. ರೈತಾಪಿ ಮುದುಕಿಯ ಬೈಗುಳಕ್ಕೆ ಹಾವೇರಿ ಕಡೆಯ ಮಾತು ಹೊಂದಿದಷ್ಟು ಬೇರೆ ಯಾವುದೂ ಹೊಂದಲಿಲ್ಲ. ಆ ಸಬ್‌ಟೈಟಲ್ ಫೈಲನ್ನು ಹಕ್ಕುದಾರರಿಗೂ ಕಳಿಸಿದೆವು. ಮುಂದಿನ ಎರಡು ಸಿನಿಮಾಗಳಿಗೆ ಅವರು ದುಡ್ಡೇ ಕೇಳಲಿಲ್ಲ.